ಸರದಿಯ ಕೊನೆಯ ಮಗ್ಗಗಳು

“ಬೋಳಿಮಗಳ, ಇದ್ದದ್ದನ್ನ ಇದ್ದಂಗ ಹೊಸಾದ್ರಾಗ ಇಳಸು ಅಂದ್ರ, ಇದು ಯಾಕ ಅದು ಯಾಕ ಅಂತ ನನ್ನ ಕೇಳ್ತಿಯೇನ? ನಿನ್ನ ಕೂಡ್ಸಿದ್ದು ಕೀಲಿ ಬಡಿಯಾಕ!”

ಪ್ರಭುಲಿಂಗಪ್ಪ ಸಾವುಕಾರ ಟೇಬಲ್ಲಿಗೆ ಗುದ್ದಿದ ರಭಸಕ್ಕೆ ಚಹದ ಕಪ್ಪು ಉರುಳಿತು. ವಿಜಯಲಕ್ಷ್ಮಿ ತನ್ನ ಓಢಣಿಯಿಂದಲೇ ಒರೆಸಿದಳು. ಗಜೇಂದ್ರಗಡದ ಅರ್ಧ ಮಗ್ಗಗಳಿಗೆ ನೂಲು ಕೊಡುವವನು ಇವನೇ, ನೇಯ್ದ ಸೀರೆ ಒಯ್ಯುವವನೂ ಇವನೇ. ನೂಲು ಯಾರಿಗೆ ಮೊದಲು ಎಂಬುದನ್ನು ಕೆಲವು ವರ್ಷಗಳಿಂದ ಕಂಪ್ಯೂಟರ್ ಹೇಳುತ್ತಿತ್ತು. ಆ ಪ್ರೋಗ್ರಾಮು ಫಾಕ್ಸ್‌ಪ್ರೋ ಎಂಬ ಹಳೆಯ ಭಾಷೆಯದು. ಈಗ ಹೊಸ ಕಂಪ್ಯೂಟರ್ ಬಂದಿತ್ತು, ಎಲ್ಲವನ್ನೂ ವಿಬಿ ಎಂಬ ಹೊಸ ಭಾಷೆಗೆ ಬದಲಿಸಬೇಕಿತ್ತು. ಹುಬ್ಬಳ್ಳಿಯವರನ್ನು ಕರೆಸಿದರೆ ಕೈ ಸುಡುತ್ತದೆ. ರೋಣದಲ್ಲಿ ಕಂಪ್ಯೂಟರ್ ಕಲಿತ ನೇಕಾರರ ಹುಡುಗಿ ವಿಜಯಲಕ್ಷ್ಮಿಗಾದರೆ, ಅವ್ವನ ಮಗ್ಗಕ್ಕೆ ನೂಲು ಕೊಡುತ್ತೇನೆಂದರೆ ಸಾಕು.

ಅವಳು ಕಲಿತದ್ದೂ ಅರ್ಧಂಬರ್ಧ. ಹಾಗಾಗಿ ಮನೆಯಲ್ಲಿ ಕಂಡ ರೀತಿಯಲ್ಲೇ ಕೆಲಸ ಹಿಡಿದಿದ್ದಳು. ಮಗ್ಗದಲ್ಲಿ ಹಳೆಯ ಹಾಸು ಮುಗಿಯುವಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಎಳೆ ಹೊಸೆಯುತ್ತಾರಲ್ಲ, ಹಾಗೆ ಪ್ರೋಗ್ರಾಮಿನ ಹಳೆಯ ಸಾಲಿಗೊಂದು ಹೊಸ ಸಾಲು. ಒಂದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನೆಮ್ಮದಿಯಾದರೂ ಉಳಿಯುತ್ತಿತ್ತು. ಹೊಸೆಯುತ್ತ ಹೋದವಳಿಗೆ ಎದುರಾದ ಸಾಲು ಇದು: ಮಗ್ಗದ ಯಜಮಾನ ಸತ್ತಿದ್ದರೆ ಆ ಮನೆಯನ್ನು ಸರದಿಯ ಕೊನೆಗೆ ತಳ್ಳು.

ಕೊನೆಗೆ ಎಂದರೆ ನೂಲು ತೀರಿದ ಮೇಲೆ.

“ಇದೊಂದ ತಗದ ಹಾಕ್ತೀನ್ರಿ ಸಾವುಕಾರ್ರ...”

“ಮದಿವಿ ಸೀರಿ ಅವು! ಹೊಸಾ ನೂಲ ಮುಂಡೇರ ಕೈಗೆ ಮೊದಲ ಯಾರ ಕೊಡ್ತಾರ? ನಮ್ಮಪ್ಪನ ಕಾಲದಿಂದ ಹಿಂಗs ನಡದೈತಿ. ಲಗೂ ಮುಗಸು.”

ಹೊರಗೆ ಕಟ್ಟೆಯ ಮೇಲೆ ಅವ್ವ ತಿಪ್ಪವ್ವ ಕುಳಿತಿದ್ದಳು, ಜೊತೆಗೆ ಅವಳಂತೆಯೇ ಗಂಡ ಸತ್ತ ನಾಲ್ಕಾರು ಹೆಂಗಸರು. ಅಪ್ಪ ಹೋದಂದಿನಿಂದ ಅವರ ಮಗ್ಗ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಬೆಳಿಗ್ಗೆ ಅವ್ವ ಕಿಟಕಿಯಿಂದ ಕಂಪ್ಯೂಟರಿಗೆ ಕೈಮುಗಿದಿದ್ದಳು: “ಇವತ್ತರ ನನ್ನ ಹೆಸರ ತೋರ್ಸೋ ಯಪ್ಪಾ.”

ವಿಜಯಲಕ್ಷ್ಮಿ ಆ ಸಾಲನ್ನು ಬರೆದಳು. ಬರೆಯದೆ ಏನು ಮಾಡಿಯಾಳು? ಒಲೆ ಉರಿಯಬೇಕಲ್ಲ. ಹೊಸ ಭಾಷೆಯಲ್ಲಿ ಅದು ಇನ್ನೂ ಚೊಕ್ಕಟವಾಗಿ ಕುಳಿತಿತು. ಸಾವುಕಾರ ಓಡಿಸಿ ನೋಡಿದ. ಹೆಸರುಗಳು ಮೂಡಿದವು, ತಿಪ್ಪವ್ವ ಎಲ್ಲರ ಕೆಳಗೆ.

“ಅವ್ವಗ ನೂಲ ಕೊಡ್ತೀನಿ ಅಂತ ಮಾತ ಕೊಟ್ಟಿದ್ರಿ...”

“ಮಾತ ನಾ ಕೊಟ್ಟಿದ್ದೆ, ಕಂಪ್ಯೂಟರ್ ಕೊಟ್ಟಿಲ್ಲಲಾ!” ಹೊಟ್ಟೆ ಕುಲುಕಿಸಿ ನಕ್ಕು ಹೊರಗೆ ಕೂಗಿದ, “ಏ, ಏಳ್ರಿ! ಹೊಸಾ ಕಂಪ್ಯೂಟರೂ ನಿಮ್ಮ ಹೆಸರ ಹೇಳವಲ್ದು. ನಾ ಏನ ಮಾಡ್ಲಿ?”

ಹೆಂಗಸರು ಹಣೆಬರಹವನ್ನು ಬೈದುಕೊಳ್ಳುತ್ತ ಏಳತೊಡಗಿದರು. ವಿಜಯಲಕ್ಷ್ಮಿ ಎದ್ದಳು. ಕುರ್ಚಿ ಒದ್ದು ಹೊರಗೆ ಬಂದಳು.

“ಕಂಪ್ಯೂಟರ್ ಅಲ್ಲಬೇ! ಈ ಭಾಡ್ಯಾ ಬರಸ್ಯಾನ! ಗಂಡ ಸತ್ತಾಕಿನ್ನ ಹಿಂದಕ್ಕ ದಬ್ಬು ಅಂತ ಬರಸ್ಯಾನ! ಈಗ ನನ್ನ ಕೈಲೇನs ಬರಸಿದ!”

ತಿಪ್ಪವ್ವ ಓಡಿ ಬಂದು ಮಗಳ ಬಾಯಿ ಮುಚ್ಚಿದಳು. “ಸುಮ್ನಿರ ಯವ್ವಾ, ನಿನ್ನ ಕಾಲ ಬೀಳ್ತೀನಿ. ಮುಂದಿನ ಸಲ ಕೊಟ್ಟಾನು...”

ಒಳಗಿನಿಂದ ಬೈಗಳು ಬರುತ್ತಲೇ ಇದ್ದವು. ಉಳಿದ ಹೆಂಗಸರು ಹೋಗದೆ ನಿಂತರು. ವಿಜಯಲಕ್ಷ್ಮಿ ಅವ್ವನ ಕೈಯನ್ನು ಬಾಯಿಂದ ಕಿತ್ತು ಬಿಗಿಯಾಗಿ ಹಿಡಿದುಕೊಂಡು, ಓಣಿಗೆಲ್ಲ ಕೇಳುವಂತೆ ಮತ್ತೆ ಮೊದಲಿನಿಂದ ಹೇಳತೊಡಗಿದಳು.