ಕರೆದು ನೋಡಿ ಕೊಂಡ ಶವರ್

ತೊಂಬತ್ತೆರಡರ ಚಳಿಗಾಲದ ಒಂದು ಬೆಳಗ್ಗೆ ಕೋದಂಡಪ್ಪನ ಬಚ್ಚಲಮನೆಯ, ನೀರನ್ನು ತಾನೇ ಕಾಯಿಸಿ ಸುರಿಸುವ ಕರೆಂಟ್ ಶವರ್ ಟಪ್ ಎಂದು ಸದ್ದು ಮಾಡಿ, ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ಕೆಳಗೆ ನಿಂತಿದ್ದ ಕೋದಂಡಪ್ಪ ಮೈತುಂಬ ಸೋಪಿನ ನೊರೆ ಹೊತ್ತುಕೊಂಡೇ ಹಿತ್ತಲಿಗೆ ಓಡಿಬಂದ. ಬಂಗಾರಪೇಟೆ ಪಕ್ಕದ ಆ ಹಳ್ಳಿಯಲ್ಲಿ ಎಮ್ಮೆ ಕಟ್ಟಿ ಡೈರಿಗೆ ಹಾಲು ಹಾಕುವ ಅವನ ಮನೆಯೊಂದರಲ್ಲೇ ಅಂಥ ಶವರ್ ಇದ್ದದ್ದು.

ಇದರಿಂದ ಖುಷಿಯಾದದ್ದು ಅವನ ತಾಯಿ ಪೆದ್ದಮ್ಮನಿಗೆ. ಶವರ್ ಬಂದಾಗಿನಿಂದ ಆಕೆ ಅದರ ಕೆಳಗೆ ಒಂದು ದಿನವೂ ನಿಂತವಳಲ್ಲ. ಹಿತ್ತಲಲ್ಲಿ ಬೇರೆ ಒಲೆ ಹೂಡಿ ತನ್ನ ನೀರು ತಾನೇ ಕಾಯಿಸಿಕೊಳ್ಳುತ್ತಿದ್ದಳು.

"ಓಯ್ತಾ ಪೀಡೆ? ಇನ್ಮೇಲೆ ಎಲ್ರಿಗೂ ಹಂಡೆ ನೀರೇ" ಎಂದಳು.

ಸೊಸೆ ಅನಸೂಯಮ್ಮ ಒಪ್ಪಲಿಲ್ಲ. "ಆ ಒಲೆ ಊದೋದು ನನ್ ಕೈಲಾಗಲ್ಲತ್ತೆ. ಇವತ್ತೇ ಓಗಿ ಬೇರೆದು ತರಾನ."

"ಅಂಗಾದ್ರೆ ನಾನೂ ಬತ್ತೀನಿ" ಎಂದಳು ಪೆದ್ದಮ್ಮ. ಹೇಗಾದರೂ ಮಾಡಿ ವ್ಯಾಪಾರ ಕೆಡಿಸಬೇಕೆಂಬುದು ಅವಳ ಲೆಕ್ಕ.

ಮೂವರೂ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಯ ಪೆರುಮಾಳ್ ಅಂಗಡಿಗೆ ಬಂದರು. ಪೆರುಮಾಳ್ ಮೇಜಿನ ಮೇಲೆ ಬಗೆಬಗೆಯ ಶವರ್ ಇಟ್ಟು ವರ್ಣಿಸತೊಡಗಿದ. ಕೋದಂಡಪ್ಪನಿಗೆ ಕೆಂಪು ದೀಪ ಉರಿಯುವುದು ಇಷ್ಟವಾಯಿತು. ಅನಸೂಯಮ್ಮನಿಗೆ ಬೇಗ ನೀರು ಕಾಯಿಸುವುದು ಬೇಕಿತ್ತು. ಗಂಡಹೆಂಡಿರು ಜಗ್ಗಾಡಿ, ಕೊನೆಗೆ ಎರಡೂ ಗುಣ ಇದ್ದ ಬಿಳಿ ಡಬ್ಬದಂಥದೊಂದನ್ನು ಆರಿಸಿದರು. ಆಗ ಪೆದ್ದಮ್ಮ ಬಾಯಿ ಬಿಟ್ಟಳು.

"ಲೇ ಕೋದಂಡ, ಕರೆದು ನೋಡ್ದೆ ಎಮ್ಮೆ ತಗೊಂತೀಯೇನ್ಲಾ ನೀನು? ಇದ್ರಲ್ಲಿ ನೀರು ಬತ್ತದಾ, ಬಿಸಿ ಬತ್ತದಾ, ಯಾರ್ ನೋಡವ್ರೆ?"

ಪೆರುಮಾಳ್ ನಕ್ಕ. "ಅಮ್ಮಾ, ಇದೇ ಮಾಡಲ್ ನಮ್ಮ ಮನೆಯಲ್ಲೇ ಹಾಕಿದೀನಿ. ವಾಂಗಮ್ಮಾ, ಬಂದು ಕೈ ಇಟ್ಟು ನೋಡಿ."

ಅಂಗಡಿಯ ಹಿಂದೆಯೇ ಅವನ ಮನೆ. ಪೆರುಮಾಳನ ಹೆಂಡತಿ ಪೆದ್ದಮ್ಮನನ್ನು ಬಚ್ಚಲಮನೆಗೆ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಆಕೆಯೊಬ್ಬಳೇ ಹೊರಗೆ ಬಂದಳು. ಒಳಗಿನಿಂದ ಚಿಲಕ ಬಿದ್ದಿತು. ನೀರಿನ ಸದ್ದು ಶುರುವಾಯಿತು.

ಹೊರಗೆ ಇವರು ಕಾದರು. ಕಾಫಿ ಬಂತು, ಕುಡಿದರು. ಲೋಟ ತೊಳೆದಿಟ್ಟದ್ದೂ ಆಯಿತು. ನೀರಿನ ಸದ್ದು ಮಾತ್ರ ನಿಲ್ಲಲಿಲ್ಲ.

"ಅಮ್ಮೋ, ಆಯ್ತಾ?" ಎಂದು ಕೋದಂಡಪ್ಪ ಬಾಗಿಲು ತಟ್ಟಿದ.

"ಇನ್ನೂ ನೋಡ್ತಾ ಇವ್ನಿ, ಇರ್ಲಾ!"

ಕೊನೆಗೆ ತೊಟ್ಟಿಯ ನೀರು ಮುಗಿದು ಸದ್ದು ನಿಂತಿತು. ಪೆರುಮಾಳನ ಹೆಂಡತಿ ಬಾಗಿಲ ಸಂದಿಯಲ್ಲಿ ತನ್ನದೊಂದು ಸೀರೆ ತೂರಿಸಿದಳು. ಅದನ್ನು ಉಟ್ಟು, ತಲೆಗೆ ಟವೆಲ್ಲು ಸುತ್ತಿ, ಕೆಂಪುಕೆಂಪಾಗಿ ಪೆದ್ದಮ್ಮ ಹೊರಗೆ ಬಂದಳು. ಅಂಗಡಿ ಬಿಟ್ಟು ಬಂದಿದ್ದ ನಾಲ್ಕಾರು ಗಿರಾಕಿಗಳೂ ಅಲ್ಲಿದ್ದರು. ಅವಳು ಯಾರಿಗೂ ನಾಚಲಿಲ್ಲ.

"ಏನತ್ತೆ ಇದು? ಮನೇಲಿದ್ದಾಗ ಮುಟ್ಲಿಲ್ಲ" ಎಂದಳು ಅನಸೂಯಮ್ಮ.

"ಈಯಮ್ಮ ಮೊದ್ಲು ನಲ್ಲಿ, ಆಮೇಲೆ ಸ್ವಿಚ್ಚು ಅಂತ ತೋರಿಸ್ಕೊಟ್ಲು. ನೀವು ಯಾರಾನಾ ಏಳಿದ್ರಾ?"

"ನೀವು ಕೇಳ್ಲೇ ಇಲ್ವಲ್ಲ!"

"ಈ ವಯಸ್ನಲ್ಲಿ ಸ್ನಾನ ಮಾಡೋದೆಂಗೆ ಅಂತ ಸೊಸೇನ ಕೇಳ್ಬೇಕಾ ನಾನು?"

ಅನಸೂಯಮ್ಮನಿಗೆ ನಗುವೂ ಬಂತು, ಒಂಥರಾ ಸಂಕಟವೂ ಆಯಿತು. ಅತ್ತೆಯ ಒದ್ದೆ ಸೀರೆ ತೆಗೆದುಕೊಂಡು ಹಿಂಡತೊಡಗಿದಳು.

ಪೆರುಮಾಳ್ ಹುರುಪಿನಿಂದ ಹೊಸ ಶವರಿನ ಪೆಟ್ಟಿಗೆ ಕಟ್ಟಲು ಹೊರಟ. ಪೆದ್ದಮ್ಮ ತಡೆದಳು.

"ಅದ್ಯಾಕೆ? ಗ್ವಾಡೇಲಿರೋದೇ ಬಿಚ್ಕೊಡು. ಕರೆದು ನೋಡಿದ್ದು ಅದ್ನ ತಾನೆ?"

"ಅಯ್ಯೋ ಅಮ್ಮಾ, ಅದು ಹಳೇದು, ಇದು ಪುದುಸು!"

"ಒಸದು ಎಂಗೋ ಏನೋ, ಯಾರಿಗ್ಗೊತ್ತು?"

ಕೋದಂಡಪ್ಪ ಬೇಡಿಕೊಂಡ, ಪೆರುಮಾಳ್ ಆಣೆ ಇಟ್ಟ. ಪೆದ್ದಮ್ಮ ಕದಲಲಿಲ್ಲ. ಅಷ್ಟರಲ್ಲಿ ಪೆರುಮಾಳನ ಹೆಂಡತಿ ಸ್ಟೂಲು, ಸ್ಕ್ರೂಡ್ರೈವರ್ ತಂದು ಗಂಡನ ಮುಂದಿಟ್ಟಳು. ಹೊಸದು ತನ್ನ ಮನೆಗೇ ಉಳಿಯುತ್ತದಲ್ಲ! ಪೆರುಮಾಳ್ ಬೆವರುತ್ತಾ ಸ್ಟೂಲು ಹತ್ತಿದ.

ಬಸ್ಸಿನಲ್ಲಿ ಪೆದ್ದಮ್ಮ ಶವರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು, ಮಗನ ಕೈಗೂ ಕೊಡಲಿಲ್ಲ. ಮಾರನೆಯ ದಿನ ಕರೆಂಟಿನ ಸೀನಪ್ಪ ಬಂದು ಅದನ್ನು ಕೂರಿಸಿದ ಕೂಡಲೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅನಸೂಯಮ್ಮ ಬಾಗಿಲಿಗೆ ಒರಗಿ ನಿಂತು ಕೂಗಿದಳು:

"ಮೊದ್ಲು ನಲ್ಲಿ, ಅತ್ತೆ!"

"ಗೊತ್ತು ಓಗೇ!" ಎಂಬ ದನಿ ಹಬೆಯೊಳಗಿಂದ ಬಂತು.

ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದ ಕೋದಂಡಪ್ಪ, "ನನ್ ಸರದಿ ಯಾವಾಗ?" ಎಂದ. "ಸಾಯಂಕಾಲ ನೋಡಾನ, ಇರಿ" ಎಂದು ಅನಸೂಯಮ್ಮ ಅವನನ್ನು ಅತ್ತ ಅಟ್ಟಿದಳು.