ಮೂರು ಗಂಟೆಯ ಕಡೆ

ದೋಣಿಯ ಮೂತಿಯೇ ಹನ್ನೆರಡು ಗಂಟೆ, ಬಲಗಡೆ ಮೂರು, ಎಡಗಡೆ ಒಂಬತ್ತು. ಪ್ರವಾಸಿಗರಿಗೆ ಕಡಲಹಕ್ಕಿ, ತಿಮಿಂಗಿಲ ತೋರಿಸುವವರು ಹೀಗೆ ಗಡಿಯಾರದ ಲೆಕ್ಕದಲ್ಲೇ ಕೂಗುತ್ತಾರೆ. ಅವಳ ಗಂಡ ಇದೇ ದೋಣಿಯಲ್ಲಿ ಹಾಗೆ ಕೂಗಿ ಕೂಗಿ ಗಂಟಲು ಹರಿದುಕೊಂಡವನು. "ನೀನೂ ಒಮ್ಮೆ ಬಾರೇ" ಅಂದಾಗಲೆಲ್ಲ ಅವಳು, "ಮನೆಗೆಲಸ ನಿಮ್ಮ ತಿಮಿಂಗಿಲ ಬಂದು ಮಾಡುತ್ತಾ?" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಆಮೇಲೆ ಅವನ ಕಣ್ಣು ಹೋಯಿತು. ಊಟದ ತಟ್ಟೆ ಮುಂದಿಟ್ಟು ಈಗ ಅವಳೇ ಕೂಗತೊಡಗಿದಳು: "ಅನ್ನ ಆರು ಗಂಟೆಗೆ. ಉಪ್ಪು ಹನ್ನೊಂದಕ್ಕೆ. ನೀರು ಮೂರಕ್ಕೆ, ಚೆಲ್ಲೀತು ಜೋಕೆ!" ಅವನು ನಗುತ್ತಿದ್ದ: "ತಿಮಿಂಗಿಲ ಎಷ್ಟು ಗಂಟೆಗೇ?"

ಅವನು ತೀರಿಕೊಂಡ ಮೇಲೆ, ಇವತ್ತು, ಅವಳು ಜೀವನದಲ್ಲೇ ಮೊದಲ ಸಲ ಆ ದೋಣಿ ಹತ್ತಿದ್ದಳು. ವಲಸೆ ಹಕ್ಕಿಗಳ ಹಿಂಡೊಂದು ತಲೆಯ ಮೇಲೆ ಹಾದುಹೋಯಿತು, ಅವಳು ಕತ್ತೆತ್ತಲಿಲ್ಲ.

"ಮೂರು ಗಂಟೆಗೆ! ತಿಮಿಂಗಿಲ!" ಅವನ ಜಾಗಕ್ಕೆ ಬಂದ ಹೊಸಬ ಕೂಗಿದ. ಜನರೆಲ್ಲ ಬಲಗಡೆಗೆ ಮುಗಿಬಿದ್ದರು.

ಅವಳ ಕೈ ತಾನಾಗಿಯೇ ಮಡಿಲಲ್ಲಿದ್ದ ನೀರಿನ ಬಾಟಲಿ ಎತ್ತಿ, ಪಕ್ಕದ ಖಾಲಿ ಸೀಟಿನ ಬಲತುದಿಯಲ್ಲಿ, ಅವನ ಕೈಗೆ ಎಟಕುವ ಹಾಗೆ ಇಟ್ಟಿತು.