ನೆಗೆತದ ಕೆಳಗಿನ ನಾಲ್ಕು ಸ್ವರ

ಒಳಕೋಣೆಯಲ್ಲಿ ಮತ್ತೆ ಚಮಚ ಬಿತ್ತು, ಸ್ಟೀಲಿನದು, ನೆಲಕ್ಕೆ ತಾಗಿದಾಗ ಒಂದು ಸ್ವರ, ಉರುಳಿ ಮಂಚದ ಕಾಲಿಗೆ ತಾಗಿದಾಗ ಅದಕ್ಕಿಂತ ಚೂರು ಮೇಲಿನದು, ಏಳಬೇಕು, ಅಮ್ಮನಿಗೆ ಎಡಗೈಯಲ್ಲಿ ತಿನ್ನುವುದು ಇನ್ನೂ ಒಗ್ಗಿಲ್ಲ, ಹೆಡ್‌ಫೋನಿನ ಒಂದು ಬದಿ ಸರಿಸಿಯೇ ಇಟ್ಟಿದ್ದೇನೆ, ಒಂದು ಕಿವಿ ಅವಳಿಗೆ, ಒಂದು ಕಿವಿ ಈ ಹಳೆಯ ಕಂಪ್ಯೂಟರ್ ಆಟದ ಹಾಡಿಗೆ — ನೀನು ಕೆಲಸ ಮಾಡ್ಕೋ ಕಣೇ, ಚಮಚಕ್ಕೇನು ಕಾಲಿಲ್ಲ, ಎಲ್ಲಿಗೂ ಓಡಿಹೋಗಲ್ಲ — ಲಕ್ವ ಹೊಡೆದ ಮೇಲೆ ಅವಳ ಮಾತು ತೊದಲುತ್ತದೆ, ತಮಾಷೆ ಮಾತ್ರ ತೊದಲುವುದಿಲ್ಲ. ಎದ್ದು, ತೊಳೆದು ಕೊಟ್ಟು, ಅವಳ ಬಲಗೈಯನ್ನು ದಿಂಬಿನ ಮೇಲೆ ನೇರ ಮಾಡಿ, ಬಂದು ಕೂತರೆ ಪರದೆಯ ಮೇಲೆ ಅದೇ ಮೂರು ಸಾಲು, ಆ ಕಾಲದ ಕಂಪ್ಯೂಟರಿನಲ್ಲಿ ಹಾಡು ನುಡಿಸುವ ಚಿಪ್ಪಿಗೆ ಇದ್ದದ್ದೇ ಮೂರು ಗಂಟಲು, ಒಂದು ಕೆಳದನಿಯ ಬಾಸಿಗೆ, ಒಂದು ರಾಗಕ್ಕೆ, ಮತ್ತೊಂದು ಗಂಟಲು ಮೂರು ಸ್ವರಗಳನ್ನು ಗಡಿಬಿಡಿಯಲ್ಲಿ ಒಂದರ ಹಿಂದೊಂದು ಓಡಿಸಿ ಒಟ್ಟಿಗೇ ನುಡಿದಂತೆ ಕಿವಿಗೆ ಮಂಕುಬೂದಿ ಎರಚಲು, ಪಾಪ, ಇದ್ದದ್ದರಲ್ಲೇ ಸಂಸಾರ ತೂಗಿಸಿದವರ ಸಂಗೀತ. ಆಟ ನಡೆಯುವಾಗ ಚಿಪ್ಪಿಗೆ ಹೋದ ಅಪ್ಪಣೆಗಳನ್ನೆಲ್ಲ ಹಿಡಿದಿಟ್ಟು, ಒಂದೊಂದನ್ನೂ ಈಗಿನ ವಾದ್ಯಗಳಿಗೆ ತಿಳಿಯುವ ಮಿಡಿ ಸ್ವರವಾಗಿಸಿ, ಈಗಿನ ಸಿಂಥಸೈಜರ್‌ನಲ್ಲಿ ಅದೇ ಒರಟು ದನಿ ಮತ್ತೆ ಕಟ್ಟಿ ಕೊಡುವುದು ನನ್ನ ಕೆಲಸ, ಯಾರ ಮುಖವನ್ನೂ ನೋಡದೆ ಮಾಡಬಹುದಾದ ಕೆಲಸ, ಫೋನೊಂದು ಇಲ್ಲದಿದ್ದರೆ — ಏನಮ್ಮಾ, ಇವತ್ತಾದ್ರೂ ಕೈಗೆ ಬರುತ್ತಾ, ಇಲ್ಲಾ ನಾನೇ ಬಂದು ಆ ಆಟ ಆಡ್ಲಾ — ಸ್ಟುಡಿಯೋದ ಅಣ್ಣ, ಬೆಳಿಗ್ಗೆ — ಬರುತ್ತೆ ಅಣ್ಣ, ಒಂದು ತೂತು ಮುಚ್ಚೋದಿದೆ ಅಷ್ಟೆ.

ತೂತು ಅಂದರೆ ಹಳ್ಳ. ಆಟದ ಪುಟ್ಟ ಮನುಷ್ಯ ಹಳ್ಳ ಹಾರುವಾಗ ಕುಯ್ ಅನ್ನುತ್ತಾನೆ, ಆ ಕುಯ್‌ಗೆ ನಾಲ್ಕನೆಯ ಗಂಟಲಿಲ್ಲ, ರಾಗದ ಗಂಟಲನ್ನೇ ಕಸಿದುಕೊಳ್ಳುತ್ತಾನೆ, ಅಷ್ಟು ಹೊತ್ತು ರಾಗ ಬಾಯಿ ಮುಚ್ಚಿಕೊಂಡಿರಬೇಕು. ಇದು ಕೊನೆಯ ಹಂತದ ಹಾಡು, ಅಲ್ಲಿಗೆ ತಲುಪುವುದು ಮನೆಯಲ್ಲಿ ಅಮ್ಮನೊಬ್ಬಳಿಗೇ ಗೊತ್ತು, ನನ್ನ ಓದಿಗೆಂದು ತಂದ ಹಳೆಯ ಕಂಪ್ಯೂಟರಿನ ಮುಂದೆ ಮಧ್ಯಾಹ್ನವೆಲ್ಲ ಕೂತು, ನಾನು ಬಾಗಿಲು ತಳ್ಳಿದ ಕೂಡಲೇ — ಧೂಳು ಒರೆಸ್ತಿದ್ದೆ ಕಣೇ — ಬಟ್ಟೆಯೇ ಇಲ್ಲದ ಕೈಯಲ್ಲಿ. ಹಾಡಿನ ತಾಳಕ್ಕೇ ಆಡುವವಳು, ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕುಯ್, ಅದರ ಕೆಳಗಿನ ಸ್ವರಗಳನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದೇ ಇಲ್ಲ, ಅದಕ್ಕೇ ಅವತ್ತು, ಈ ಕೆಲಸಕ್ಕೆಂದು ಅಮ್ಮನಿಂದಲೇ ಆಡಿಸಿ ಆಟವನ್ನು ಹಿಡಿದಿಡಲು ಕೂತ ಮಧ್ಯಾಹ್ನ — ಅಮ್ಮ, ಒಂದ್ಸಲ ಆ ಹಳ್ಳದ ಹತ್ರ ಸುಮ್ನೆ ನಿಂತ್ಕೋ, ರಾಗ ಪೂರ್ತಿ ಬರ್ಲಿ — ಸುಮ್ನೆ ನಿಲ್ಲೋಕೆ ಆಟ ಯಾಕಾಡ್ಬೇಕು, ಹೋಗೇ — ಎಡ ಹೆಬ್ಬೆರಳು ಓಡಿಸುತ್ತದೆ, ಬಲ ಹೆಬ್ಬೆರಳು ಹಾರಿಸುತ್ತದೆ, ಒಂದು ಸುತ್ತು, ಕುಯ್, ಇನ್ನೊಂದು ಸುತ್ತು, ಕುಯ್, ಆಮೇಲೆ ಪುಟ್ಟ ಮನುಷ್ಯ ಹಳ್ಳದ ಅಂಚಿಗೆ ಬಂದು ನಿಂತ. ನಿಂತೇ ಇದ್ದ. ಯಾರೂ ಬಟನ್ ಒತ್ತದಿದ್ದರೆ ಕಾಲು ತಟ್ಟುತ್ತಾನೆ, ಬಸ್ಸಿಗೆ ಕಾಯುವವರ ಹಾಗೆ, ತಟ್ಟುತ್ತಾ ನಿಂತ, ಮತ್ತು ನಾಲ್ಕು ಸ್ವರ ನುಡಿದವು, ಏರಿ, ಏರಿ, ಒಂದಿಷ್ಟು ತಡೆದು, ಇಳಿದು, ಎಷ್ಟು ಚೆಂದ, ಅಂತೂ ನನ್ನ ಮಾತು ಕೇಳಿದಳಲ್ಲ ಎಂದು ಖುಷಿ ನನಗೆ — ಕೈ ಯಾಕೋ ಜೋಮು ಹಿಡಿದ ಹಾಗಿದೆ ಕಣೇ — ಇರು ಅಮ್ಮ, ಹಾಗೇ ನಿಂತಿರು, ಇನ್ನೊಂದು ಸುತ್ತು.

ಯಾವಾಗ ಶುರುವಾಯ್ತು ಅಂತ ಡಾಕ್ಟರು ಕೇಳಿದಾಗ ಮಧ್ಯಾಹ್ನ ಅಂದೆ, ಯಾವ ಸ್ವರದಲ್ಲಿ ಅನ್ನುವುದೂ ಈಗ ಪರದೆಯ ಮೇಲೆ ಕಾಣುತ್ತಿದೆ, ಹಸಿರು ಚುಕ್ಕಿಗಳು ನಾಲ್ಕು, ಅವನ್ನು ಎತ್ತಿ ಮೊದಲ ಸುತ್ತಿನ ತೂತಿಗೆ ಹಾಕಿದೆ, ಎರಡನೆಯದಕ್ಕೂ ಹಾಕಿದೆ, ಅಮ್ಮನ ಕುಯ್‌ಗಳನ್ನೆಲ್ಲ ಕೊಯ್ದು ಪಕ್ಕಕ್ಕಿಟ್ಟೆ, ಹಾಡು ಶುದ್ಧವಾಯಿತು, ಶುದ್ಧವೆಂದರೆ ಅಮ್ಮ ಅದರೊಳಗೆ ಇಲ್ಲ, ದಣಿವು, ಕಣ್ಣಿನ ಹಿಂದೆ ಮರಳು ತುಂಬಿದಂಥ ದಣಿವು, ಹೆಡ್‌ಫೋನು ಕಿತ್ತು ಸ್ಪೀಕರಿಗೆ ಹಾಕಿದೆ, ಒಂದು ಸುತ್ತು ಮುಗಿಯುವ ಮೊದಲೇ ಒಳಗಿನಿಂದ — ಯಾರೇ ಅದು ಆಡ್ತಿರೋದು — ಯಾರೂ ಇಲ್ಲಮ್ಮ, ಬರೀ ಹಾಡು — ಅದೇ ಅಂದ್ಕೊಂಡೆ, ಯಾರೂ ಹಾರ್ತಾನೇ ಇಲ್ವಲ್ಲ.

ಯಾರೂ ಹಾರ್ತಾನೇ ಇಲ್ಲ. ವ್ಯಾಯಾಮ ಮಾಡಿಸಲು ಬರುವಾಕೆ ನಿನ್ನೆ ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ದನಿ ತಗ್ಗಿಸಿ — ರಬ್ಬರ್ ಚೆಂಡು ಕೊಟ್ರೆ ಅಮ್ಮಾವ್ರು ಮುಟ್ಟಲ್ಲ, ಈ ತಿಂಗಳಲ್ಲಿ ಹೆಬ್ಬೆರಳು ಅಲ್ಲಾಡ್ಲೇಬೇಕು, ಅವರಿಗೆ ಇಷ್ಟ ಇರೋದೇನಾದ್ರೂ ಮಾಡ್ಸಿ — ಪಕ್ಕಕ್ಕಿಟ್ಟ ಕುಯ್‌ಗಳಲ್ಲಿ ಒಂದನ್ನು ಹಾರ್ಮೋನಿಯಂನಂಥ ಚಿಕ್ಕ ಕೀಬೋರ್ಡಿನ ಒಂದು ಮನೆಗೆ ಕೂರಿಸಿದೆ, ಒತ್ತಿದರೆ ರಾಗದ ಗಂಟಲು ಮುಚ್ಚಬೇಕು, ಹಳೆಯ ಚಿಪ್ಪಿನಲ್ಲಿ ಹೇಗೋ ಹಾಗೇ, ಉದ್ದನೆಯ ವಯರು ಎಳೆದುಕೊಂಡು ಹೋಗಿ ಮಂಚದ ಮೇಲಿಟ್ಟು ಅವಳ ಬಲ ಹೆಬ್ಬೆರಳನ್ನು ಆ ಮನೆಯ ಮೇಲೆ ಎತ್ತಿಟ್ಟೆ, ತಣ್ಣಗಿದೆ, ನನ್ನದೇ ಬೆರಳಿನಂಥ ಬೆರಳು — ಬೇಡ ಕಣೇ, ಅವನು ಬಿದ್ದುಬಿಟ್ರೆ — ಬಿದ್ರೆ ಮೊದಲಿಂದ, ಅಷ್ಟೇ ತಾನೇ, ನೀನೇ ಹೇಳ್ತಿದ್ದೆ — ನಾನು ಹೇಳಿದ್ದನ್ನೆಲ್ಲ ನಂಬ್ತೀಯಾ. ಹಾಡು ಹೊರಟಿತು, ಬಾಸು ನಡೆಯುತ್ತಿದೆ, ಇಷ್ಟು ದಿನ ಹುಡುಕಿ ಜೋಡಿಸಿದ ಆ ನಾಲ್ಕು ಸ್ವರ ಈಗ ಕೇಳಿಸದಿರಲಿ, ದಯವಿಟ್ಟು ಕೇಳಿಸದಿರಲಿ, ಕುಯ್ ಬಂದು ಮುಚ್ಚಿಬಿಡಲಿ, ಹಳ್ಳ ಬರುತ್ತಿದೆ, ಅಮ್ಮನಿಗೆ ಗೊತ್ತು, ಅವಳ ತುಟಿ ಬಿಗಿಯುತ್ತದೆ, ಎಡ ಹೆಬ್ಬೆರಳು ಸುಮ್ಮನೆ ಹೊದಿಕೆಯನ್ನು ಒತ್ತುತ್ತಿದೆ, ಬಲದ್ದು ಇಟ್ಟಲ್ಲೇ ಇದೆ — ಸ್ವರ ಏರಿತು, ಏರಿತು, ತಡೆಯಿತು, ಇಳಿಯಿತು, ನಾಲ್ಕೂ ಸ್ಪಷ್ಟ, ಒಂದೂ ಮುಕ್ಕಾಗಿಲ್ಲ. ಅಮ್ಮ ಕೈಯನ್ನೇ ನೋಡುತ್ತಿದ್ದಾಳೆ. ಕೀಬೋರ್ಡು ತೆಗೀಲಾ ಅಮ್ಮ. ಬೇಡ, ಇರ್ಲಿ, ಅವನು ನಿಂತಿದಾನೆ, ಬಿದ್ದಿಲ್ಲ, ಇನ್ನೊಂದು ಸುತ್ತು ಬಿಡು. ಸ್ಟುಡಿಯೋದ ಅಣ್ಣನ ಫೋನು ಆಚೆ ಕೋಣೆಯಲ್ಲಿ ಬಡಿದುಕೊಳ್ಳುತ್ತಿದೆ, ಬಡಿದುಕೊಳ್ಳಲಿ, ಸುತ್ತು ಮತ್ತೆ ಮೊದಲಿನಿಂದ, ಹಳ್ಳದ ಅಂಚು, ಪುಟ್ಟ ಮನುಷ್ಯ, ಕಾಲು ತಟ್ಟುತ್ತಾನೆ, ತಟ್ಟುತ್ತಾನೆ